ಗುಳಿಗೆ ನಾಯಿಗೆ, ಗುಣ ಯಾರಿಗೆ?

ಹೋಮಿಯೋಪತಿಯ ಮೇಲೆ ವಾದ ಹತ್ತಿಕೊಂಡರೆ ಯಾವುದೋ ಒಂದು ಹಂತದಲ್ಲಿ ನಾಯಿ ಬಂದೇ ಬರುತ್ತದೆ. ‘ಇದೆಲ್ಲ ಬರೀ ನಂಬಿಕೆಯ ಆಟ ಅಂತೀರಲ್ಲ, ಮನುಷ್ಯರ ಮಟ್ಟಿಗೆ ಒಪ್ಪೋಣ. ನಮ್ಮ ನಾಯಿಗೆ ಎಲ್ಲಿಯ ನಂಬಿಕೆ? ಡಾಕ್ಟರು ಯಾರು, ಔಷಧ ಯಾವುದು ಅಂತ ಅದಕ್ಕೇನು ಗೊತ್ತು? ಆದರೂ ನಾಲ್ಕು ಗುಳಿಗೆ ಬಿದ್ದ ಮೇಲೆ ಪಟಾಕಿಗೆ ಹೆದರೋದು ಕಡಿಮೆಯಾಯ್ತೋ ಇಲ್ವೋ?’

ಈ ಮಾತನ್ನು ನಕ್ಕು ತಳ್ಳಿಹಾಕುವವರಿದ್ದಾರೆ. ನಾನು ಆ ಗುಂಪಿಗೆ ಸೇರುವುದಿಲ್ಲ, ಏಕೆಂದರೆ ವಾದದಲ್ಲಿ ತಿರುಳಿದೆ. ಹೋಮಿಯೋಪತಿಯಿಂದ ಸಿಗುವ ಗುಣಕ್ಕೆ ರೋಗಿಯ ನಂಬಿಕೆಯೊಂದೇ ಕಾರಣವಾಗಿದ್ದರೆ, ನಂಬುವ ಗೋಜಿಗೇ ಹೋಗದ ಪ್ರಾಣಿಯಲ್ಲಿ ಅದು ಕಾಣಿಸಬಾರದು. ಕಾಣಿಸಿದರೆ ಒಂದೋ ಆ ಸಕ್ಕರೆ ಗುಳಿಗೆಯಲ್ಲಿ ನಿಜವಾಗಿ ಏನೋ ಇರಬೇಕು, ಇಲ್ಲವೇ ನಂಬಿಕೆಯ ಬಗ್ಗೆ ನಾವು ಕೊಡುತ್ತಿರುವ ವಿವರಣೆಯಲ್ಲಿ ಏನೋ ಬಿಟ್ಟುಹೋಗಿರಬೇಕು. ಎರಡರಲ್ಲಿ ಯಾವುದೆಂದು ಮಾತಿನಲ್ಲಿ ತೀರ್ಮಾನವಾಗದು. ನಾಯಿಗಳನ್ನೇ ಕರೆತರಬೇಕು.

ಹಾಗೆ ಕರೆತಂದವರು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ನೀನಾ ಕ್ರ್ಯಾಕ್‌ನೆಲ್ ಮತ್ತು ಡೇನಿಯಲ್ ಮಿಲ್ಸ್. ಇಂಗ್ಲೆಂಡಿಗೂ ಒಂದು ಪಟಾಕಿ ಹಬ್ಬವಿದೆ. 1605ರಲ್ಲಿ ಸಂಸತ್ತಿನ ಅಡಿಗೆ ಸಿಡಿಮದ್ದು ಇಟ್ಟು ರಾಜನನ್ನೂ ಸಭೆಯನ್ನೂ ಒಟ್ಟಿಗೆ ಹಾರಿಸುವ ಸಂಚು ಸಿಕ್ಕಿಬಿತ್ತು. ಅದರ ನೆನಪಿಗೆ ಪ್ರತಿ ನವೆಂಬರ್ 5ರ ರಾತ್ರಿ ಬಾಣಬಿರುಸು ಹಾರಿಸುತ್ತಾರೆ. ನಮ್ಮ ದೀಪಾವಳಿಯ ಆಸುಪಾಸಿನಲ್ಲೇ ಬರುವ ಈ ಹಬ್ಬದಲ್ಲಿ ಅಲ್ಲಿಯ ನಾಯಿಗಳೂ ಇಲ್ಲಿಯ ನಾಯಿಗಳ ಹಾಗೆಯೇ ಮಂಚದ ಕೆಳಗೆ ಸೇರುತ್ತವೆ, ನಡುಗುತ್ತವೆ, ಏದುಸಿರು ಬಿಡುತ್ತವೆ, ಬಾಗಿಲು ಕೆರೆಯುತ್ತವೆ, ಕೆಲವು ಬೇಲಿ ಹಾರಿ ನಾಪತ್ತೆಯಾಗುತ್ತವೆ. ಮನುಷ್ಯನ ಕಿವಿ ಸುಮಾರು 20 ಸಾವಿರ ಹರ್ಟ್ಸ್‌ಗೆ ನಿಂತುಹೋದರೆ ನಾಯಿಯದು 45 ಸಾವಿರದವರೆಗೂ ಹೋಗುತ್ತದೆ. ನಮ್ಮಲ್ಲಿ ನಿಯಮದ ಪ್ರಕಾರವೇ ಒಂದು ಪಟಾಕಿ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಸದ್ದು ಮಾಡಬಹುದು.

ಕ್ರ್ಯಾಕ್‌ನೆಲ್ ಮತ್ತು ಮಿಲ್ಸ್ ಪಟಾಕಿಗೆ ಹೆದರುವ 75 ನಾಯಿಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅವನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಹೋಮಿಯೋಪತಿ ಔಷಧವನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಮದ್ದನ್ನೂ ಕೊಡಿಸಿದರು. ಯಾವ ನಾಯಿಗೆ ಯಾವುದು ಬಂದಿದೆ ಎಂದು ಸಾಕಿದವರಿಗೂ ಗೊತ್ತಿರಲಿಲ್ಲ, ಲೆಕ್ಕ ಇಡುವ ಸಂಶೋಧಕರಿಗೂ ಗೊತ್ತಿರಲಿಲ್ಲ. ಶುರುವಿನಲ್ಲಿ ಸಾಕಿದವರು ತಮ್ಮ ನಾಯಿ ಪಟಾಕಿ ಸದ್ದಿಗೆ ಸಾಮಾನ್ಯವಾಗಿ ಏನೇನು ಮಾಡುತ್ತದೆ, ಎಷ್ಟು ಸಲ ಮಾಡುತ್ತದೆ, ಎಷ್ಟು ಜೋರಾಗಿ ಮಾಡುತ್ತದೆ ಎಂದು ಗುರುತು ಹಾಕಿದರು. ಪರೀಕ್ಷೆ ನಡೆಯುವಷ್ಟು ಕಾಲ ವಾರವಾರ ದಿನಚರಿ ಬರೆದರು. ಕೊನೆಯಲ್ಲಿ ಮತ್ತೆ ಅದೇ ಪ್ರಶ್ನೆಗಳಿಗೆ ಅಂಕ ಕೊಟ್ಟರು.

ಫಲಿತಾಂಶ ಹೋಮಿಯೋಪತಿಯ ಪರವಾದಿಗೆ ಮೊದಲು ಖುಷಿ ಕೊಡುತ್ತದೆ. ಔಷಧ ತಿಂದ ನಾಯಿಗಳು ಹೆದರಿಕೆಯ 15 ಲಕ್ಷಣಗಳಲ್ಲಿ ಹದಿನೈದರಲ್ಲೂ ಸುಧಾರಿಸಿದ್ದವು. ಸಣ್ಣಪುಟ್ಟ ಏರಿಳಿತ ಅಲ್ಲ, ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲುವ ಸುಧಾರಣೆ. ಇನ್ನೊಂದು ಪಾಲಿನ ಕಾಗದ ತೆರೆದಾಗ ಖುಷಿ ಇಳಿಯುತ್ತದೆ. ಹುಸಿಮದ್ದು ತಿಂದ ನಾಯಿಗಳು 14ರಲ್ಲಿ ಸುಧಾರಿಸಿದ್ದವು. ಎರಡೂ ಪಾಲಿನವರು ‘ಒಟ್ಟಾರೆ ಹೆದರಿಕೆ ಕಡಿಮೆಯಾಗಿದೆ’ ಎಂದೇ ಬರೆದಿದ್ದರು. ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಸಿಗುವ ವ್ಯತ್ಯಾಸ ಇರಲೇ ಇಲ್ಲ.

ಹೆಚ್ಚಿನ ಲೇಖನಗಳು ಇಲ್ಲಿಗೆ ಕಥೆ ಮುಗಿಸುತ್ತವೆ: ಹೋಮಿಯೋಪತಿ ಸೋತಿತು, ನಮಸ್ಕಾರ. ನನಗೆ ಕುತೂಹಲ ಹುಟ್ಟುವುದೇ ಇಲ್ಲಿಂದ. ಔಷಧವಿಲ್ಲದ ದ್ರವ ಕುಡಿದ ಹತ್ತಾರು ನಾಯಿಗಳು ‘ಸುಧಾರಿಸಿದವು’ ಎಂದರೆ ನಡೆದದ್ದೇನು? ನಾಯಿಗೆ ನಂಬಿಕೆ ಇಲ್ಲ ಎಂದಮೇಲೆ ಹುಸಿಮದ್ದು ಕೆಲಸ ಮಾಡಿದ್ದು ಯಾರ ಮೇಲೆ?

ಅದಕ್ಕೆ ಮುಂಚೆ ಸೀಸೆಯೊಳಗೆ ಏನಿರುತ್ತದೆ ಎಂದು ನೋಡಿಬಿಡೋಣ. ಸ್ಯಾಮ್ಯುಯೆಲ್ ಹಾನಿಮನ್ 1755ರಲ್ಲಿ ಜರ್ಮನಿಯ ಮೈಸನ್ ಊರಿನಲ್ಲಿ ಹುಟ್ಟಿದ ವೈದ್ಯ. ಮಲೇರಿಯಾಗೆ ಕೊಡುತ್ತಿದ್ದ ಸಿಂಕೋನಾ ತೊಗಟೆಯನ್ನು ತಾನೇ ತಿಂದು ನೋಡಿದ. ಮಲೇರಿಯಾದಂಥದೇ ಲಕ್ಷಣಗಳು ತನ್ನಲ್ಲಿ ಕಂಡವು ಎಂದ. ಆರೋಗ್ಯವಂತನಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ ಆ ಲಕ್ಷಣದ ರೋಗವನ್ನು ಆ ವಸ್ತುವೇ ಗುಣಪಡಿಸುತ್ತದೆ ಎಂಬ ಮುಳ್ಳನ್ನು ಮುಳ್ಳಿನಿಂದ ತೆಗೆಯುವ ತತ್ವ ಅವನದು. 1796ರಲ್ಲಿ ಅದನ್ನು ಪ್ರಕಟಿಸಿದ, 1810ರಲ್ಲಿ ‘ಆರ್ಗನಾನ್’ ಎಂಬ ಗ್ರಂಥದಲ್ಲಿ ವಿಸ್ತರಿಸಿದ. ರಕ್ತ ಹರಿಸುವುದು, ಪಾದರಸ ಕುಡಿಸುವುದೇ ವೈದ್ಯಕೀಯವಾಗಿದ್ದ ಕಾಲದಲ್ಲಿ ಏನೂ ಕೆಡುಕು ಮಾಡದ ಔಷಧ ಕೊಟ್ಟದ್ದು ದೊಡ್ಡ ಉಪಕಾರವೇ. ಆ ಮಟ್ಟಿಗೆ ಹಾನಿಮನ್‌ಗೆ ಋಣ ಸಲ್ಲಿಸಬೇಕು.

ಪ್ರಾಣಿಗಳಿಗೆ ಈ ಪದ್ಧತಿಯನ್ನು ಒಯ್ದವರಲ್ಲಿ ಮುಂಚೂಣಿಯಲ್ಲಿದ್ದವನು ಲೈಪ್ಸಿಗ್‌ನ ಪಶುವೈದ್ಯ ವಿಲ್ಹೆಲ್ಮ್ ಲಕ್ಸ್, 19ನೇ ಶತಮಾನದ ಮೊದಲರ್ಧದಲ್ಲಿ. ನಮ್ಮ ಕಡೆಗೆ ಹೋಮಿಯೋಪತಿ ಬಂದದ್ದೂ ಒಬ್ಬ ಜರ್ಮನ್ ಕೈಯಿಂದಲೇ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಗುಳಿಗೆ ಹಂಚಲು ಶುರುಮಾಡಿದರು. ಅದೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಗುವಿನ ನೆಗಡಿಗೂ ಅಜ್ಜಿಯ ಗಂಟುನೋವಿಗೂ ಆ ಬಿಳಿ ಗುಳಿಗೆಗಳೇ. ಅದೇ ಡಬ್ಬಿಯಿಂದ ನಾಲ್ಕು ನಾಯಿಯ ಬಾಯಿಗೂ ಬೀಳುವುದರಲ್ಲಿ ಆಶ್ಚರ್ಯವೇನಿಲ್ಲ.

ಈ ಗುಳಿಗೆಗಳ ಮೇಲೆ 6ಸಿ, 30ಸಿ, 200ಸಿ ಎಂದು ಬರೆದಿರುತ್ತದೆ. ಒಂದು ‘ಸಿ’ ಎಂದರೆ ಮೂಲ ದ್ರವದ ಒಂದು ಪಾಲನ್ನು 100 ಪಾಲಾಗಿ ತೆಳುಮಾಡಿ ಕುಲುಕುವುದು. ಹಾಗೆ ಆರು ಸಲ ಮಾಡಿದರೆ 6ಸಿ: ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಲ್ಲಿ ಇನ್ನೂ ಮೂಲವಸ್ತುವಿನ ಅಣುಗಳು ಉಳಿದಿರುತ್ತವೆ ಎಂದು ನ್ಯಾಯವಾಗಿ ಒಪ್ಪಬೇಕು. 12ಸಿ ದಾಟಿದರೆ ಸಂಶಯ ಶುರು. 30ಸಿ ಎಂದರೆ ಒಂದರ ಮುಂದೆ 60 ಸೊನ್ನೆ ಹಾಕಿದರೆ ಬರುವ ಸಂಖ್ಯೆಯಷ್ಟು ಪಟ್ಟು ತೆಳು. ಒಂದು ಲೀಟರಿನಲ್ಲಿ ಒಂದು ಮೋಲ್ ವಸ್ತು, ಅಂದರೆ ಆರರ ಮುಂದೆ 23 ಸೊನ್ನೆಯಷ್ಟು ಅಣು ಇಟ್ಟುಕೊಂಡು ಹೊರಟರೂ, 30ಸಿ ದ್ರಾವಣದಲ್ಲಿ ಅದರ ಒಂದೇ ಒಂದು ಅಣು ಸಿಗಬೇಕಾದರೆ ಭೂಮಿಯ ಗಾತ್ರದ ಒಂದು ಲಕ್ಷ ಕೋಟಿಗೂ ಹೆಚ್ಚು ಪಾತ್ರೆಗಳಷ್ಟು ದ್ರವ ಬೇಕು. ನಾಯಿಗೆ ಹಾಕುವುದು ನಾಲ್ಕು ಗುಳಿಗೆ.

ವರ್ತನೆಯ ಸಮಸ್ಯೆಗೆ ಬಂದಾಗ ಇನ್ನೊಂದು ತೊಡಕಿದೆ. ಅದನ್ನು ಹೋಮಿಯೋಪತಿಯ ಟೀಕಾಕಾರರೂ ಅಷ್ಟಾಗಿ ಎತ್ತುವುದಿಲ್ಲ. ಈ ಪದ್ಧತಿಯಲ್ಲಿ ಔಷಧ ಆರಿಸುವುದು ಲಕ್ಷಣಗಳ ಮೇಲೆ, ಅದರಲ್ಲೂ ಮನಸ್ಸಿನ ಲಕ್ಷಣಗಳ ಮೇಲೆ. ಗುಡುಗಿಗೆ ಹೆದರುವವರಿಗೆ ಫಾಸ್ಫರಸ್, ತಟಕ್ಕನೆ ಆಗುವ ಸದ್ದಿಗೆ ಬೆಚ್ಚುವವರಿಗೆ ಬೋರಾಕ್ಸ್, ಕೆರಳಿ ಕಚ್ಚಲು ಬರುವವರಿಗೆ ಬೆಲಡೋನ ಎಂದೆಲ್ಲ ಪುಸ್ತಕಗಳಲ್ಲಿದೆ. ಈ ಪಟ್ಟಿ ಬಂದದ್ದು ಎಲ್ಲಿಂದ? ಆರೋಗ್ಯವಂತ ಮನುಷ್ಯರು ಆ ವಸ್ತುಗಳನ್ನು ತಿಂದು, ತಮಗೆ ಬಿದ್ದ ಕನಸು, ಹುಟ್ಟಿದ ಭಯ, ಬಂದ ಕೋಪವನ್ನೆಲ್ಲ ಬರೆದಿಟ್ಟದ್ದರಿಂದ. ನಾಯಿ ಬರೆದಿಡಲಿಲ್ಲ, ಹೇಳಲೂ ಇಲ್ಲ. ಅದರ ಪರವಾಗಿ ಹೇಳುವವರು ಮನೆಯವರು. ‘ನಮ್ಮದಕ್ಕೆ ಹೊಟ್ಟೆಕಿಚ್ಚು ಡಾಕ್ಟ್ರೇ’, ‘ಇವನಿಗೆ ಅವಮಾನ ಆಗಿದೆ’ ಎಂದು ಅವರು ಹೇಳಿದ್ದು ನಾಯಿಯ ಲಕ್ಷಣವಾಗಿ ದಾಖಲಾಗುತ್ತದೆ. ಅಂದಮೇಲೆ ಔಷಧ ಆಯ್ಕೆಯಾದದ್ದು ಯಜಮಾನನ ಮಾತಿನ ಮೇಲೆ, ಗುಣ ಅಳೆದದ್ದು ಯಜಮಾನನ ಕಣ್ಣಿನಿಂದ. ನಾಯಿ ನಡುವೆ ಗುಳಿಗೆ ನುಂಗಿತು, ಅಷ್ಟೇ.

ಆ ಕಣ್ಣು ಎಷ್ಟು ನಂಬಿಗಸ್ತ? ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ‘ನಿಮ್ಮ ನಾಯಿಗೆ ಸದ್ದಿನ ಭಯ ಇದೆಯೇ’ ಎಂದು ಕೇಳಿದಾಗ ಹೌದು ಎಂದವರು ಶೇಕಡ 25. ಸದ್ದಾದಾಗ ನಾಯಿ ನಡುಗುತ್ತದೆಯೇ, ಬೊಗಳುತ್ತದೆಯೇ, ಅಡಗುತ್ತದೆಯೇ, ನಿಮ್ಮನ್ನು ಹುಡುಕಿಕೊಂಡು ಬರುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತ ಹೋದಾಗ ಕನಿಷ್ಠ ಒಂದಕ್ಕಾದರೂ ಹೌದೆಂದವರು ಶೇಕಡ 49. ಪ್ರಶ್ನೆ ಬದಲಾದೊಡನೆ ಉತ್ತರ ಸರಿಸುಮಾರು ಇಮ್ಮಡಿಯಾಯಿತು. ಕಣ್ಣಮುಂದೆ ಇದ್ದ ಲಕ್ಷಣವನ್ನು ಜನ ಭಯ ಎಂದು ಗುರುತಿಸಿಯೇ ಇರಲಿಲ್ಲ.

ಇನ್ನೂ ಬಿಗಿಯಾದ ಸಾಕ್ಷ್ಯ ಕೀಲುನೋವಿನ ನಾಯಿಗಳಿಂದ ಬಂತು. ಅಮೆರಿಕದ ಮೈಕೇಲ್ ಕಾಂಜೆಮಿಯಸ್ ಮತ್ತು ರಿಚರ್ಡ್ ಇವಾನ್ಸ್ 2012ರಲ್ಲಿ, ಒಂದು ಔಷಧಪರೀಕ್ಷೆಯಲ್ಲಿ ಹುಸಿಮದ್ದು ಪಡೆದಿದ್ದ, ಸಂಧಿವಾತದಿಂದ ಕುಂಟುತ್ತಿದ್ದ 58 ನಾಯಿಗಳ ಲೆಕ್ಕ ತೆಗೆದರು. ನಾಯಿ ಪ್ರತಿ ಹೆಜ್ಜೆಯಲ್ಲಿ ಕಾಲಿನ ಮೇಲೆ ಎಷ್ಟು ಭಾರ ಹಾಕುತ್ತದೆ ಎಂದು ಅಳೆಯುವ ಹಲಗೆಯ ಮೇಲೆ ಅವನ್ನು ನಡೆಸಿದ್ದರು. ಹಲಗೆಗೆ ಭರವಸೆ, ಆಸೆ ಏನೂ ಇಲ್ಲ. ಹಲಗೆಯ ಪ್ರಕಾರ ಸುಧಾರಣೆ ಇಲ್ಲದ ನಾಯಿಗಳನ್ನೂ ಸಾಕಿದವರು ‘ಈಗ ವಾಸಿ’ ಎಂದು ಬರೆದಿದ್ದರು, ಅದೂ ಅಲ್ಲೊಂದು ಇಲ್ಲೊಂದು ಅಲ್ಲ, ದಂಡಿಯಾಗಿ. ಅಷ್ಟಾದರೆ ಸಾಮಾನ್ಯ ಜನರ ಮುಗ್ಧತೆ ಎನ್ನಬಹುದಿತ್ತು. ಪಶುವೈದ್ಯರೂ ಹಾಗೆಯೇ ಬರೆದಿದ್ದರು! ಆರೈಕೆ ಮಾಡುವವರ ಹುಸಿಮದ್ದು ಪರಿಣಾಮ ಎಂದು ಈ ವಿದ್ಯಮಾನವನ್ನು ಕರೆಯುತ್ತಾರೆ. ಕುಂಟುವುದು ಕಣ್ಣಿಗೆ ಕಾಣುವ ಸಂಗತಿ. ಅದರಲ್ಲೇ ಹೀಗಾದರೆ ‘ಈ ಸಲ ಸ್ವಲ್ಪ ಕಡಿಮೆ ಹೆದರಿದ’ ಎಂಬ ಅಂದಾಜಿನ ಗತಿಯೇನು.

ಕಣ್ಣು ಮೋಸ ಮಾಡುವುದು ಒಂದು ಕಾರಣ. ಕಾಲ ಮಾಡುವ ಮೋಸ ಇನ್ನೊಂದು. ಫಿಟ್ಸ್ ಬರುವ ನಾಯಿಗಳ ಔಷಧಪರೀಕ್ಷೆಗಳಲ್ಲಿ ಹುಸಿಮದ್ದಿನ ಪಾಲಿಗೆ ಬಂದಿದ್ದ 28 ನಾಯಿಗಳ ದಾಖಲೆಗಳನ್ನು ಕ್ಯಾರೆನ್ ಮುನ್ಯಾನಾ ಮತ್ತು ಸಂಗಡಿಗರು 2010ರಲ್ಲಿ ಒಟ್ಟುಗೂಡಿಸಿದರು. ಅವುಗಳಲ್ಲಿ 22 ನಾಯಿಗಳಿಗೆ, ಅಂದರೆ ಶೇಕಡ 79ಕ್ಕೆ, ಫಿಟ್ಸ್ ಕಡಿಮೆಯಾಗಿತ್ತು. ಎಂಟು ನಾಯಿಗಳಿಗೆ ಅರ್ಧಕ್ಕರ್ಧ ಇಳಿದಿತ್ತು. ಫಿಟ್ಸ್ ಎಂಬುದು ಎಣಿಸಬಹುದಾದ ಘಟನೆ. ಹಾಗಿದ್ದರೆ? ಏರಿಳಿತವಿರುವ ಯಾವುದೇ ತೊಂದರೆಗೆ ಜನ ಡಾಕ್ಟರ ಬಳಿ ಓಡುವುದು ಅದು ಅತಿ ಜೋರಾದಾಗ. ಅತಿ ಜೋರಿನ ನಂತರ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯದೇ. ಸರಾಸರಿಯತ್ತ ಮರಳುವುದು ಎಂದು ಫ್ರಾನ್ಸಿಸ್ ಗಾಲ್ಟನ್ 19ನೇ ಶತಮಾನದಲ್ಲೇ ತೋರಿಸಿದ ಲೆಕ್ಕ ಇದು. ನಾಯಿ ಪಕ್ಕದ ಮನೆಯವರನ್ನು ಕಚ್ಚಲು ಹೋದ ದಿನ ಗುಳಿಗೆ ಶುರುವಾಗುತ್ತದೆ. ಮರುವಾರ ಅಷ್ಟು ಕೆಟ್ಟ ದಿನ ಬರುವುದಿಲ್ಲ. ಕೀರ್ತಿ ಗುಳಿಗೆಗೆ ಹೋಗುತ್ತದೆ. ಮರಿನಾಯಿಯ ವಿಷಯದಲ್ಲಂತೂ ಬೆಳೆಯುವ ವಯಸ್ಸೇ ಅರ್ಧ ಚಿಕಿತ್ಸೆ; ಚಪ್ಪಲಿ ಕಚ್ಚುವ ಚಟಕ್ಕೆ ಆರು ತಿಂಗಳು ಏನನ್ನು ಕೊಟ್ಟರೂ ಅದು ‘ರಾಮಬಾಣ’ವೇ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ಇಲ್ಲಿ ನಾಯಿ ನಿಜವಾಗಿಯೇ ಬದಲಾಗಿರಬಹುದು. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಬಾರ್ಡರ್ ಕಾಲಿ ಮತ್ತು ಶೆಟ್‌ಲ್ಯಾಂಡ್ ಜಾತಿಯ ನಾಯಿಗಳ ಕೂದಲನ್ನೂ ಅವುಗಳನ್ನು ಸಾಕಿದವರ ಕೂದಲನ್ನೂ ತೆಗೆದು ಅದರಲ್ಲಿ ಸೇರಿದ್ದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಕೂದಲು ಬೆಳೆಯುತ್ತಿದ್ದ ತಿಂಗಳುಗಳ ಒತ್ತಡದ ದಾಖಲೆ ಅದರಲ್ಲಿ ಉಳಿದಿರುತ್ತದೆ. ಯಜಮಾನರ ಕೂದಲಿನಲ್ಲಿ ಹೆಚ್ಚಿದ್ದಲ್ಲಿ ನಾಯಿಯ ಕೂದಲಿನಲ್ಲೂ ಹೆಚ್ಚಿತ್ತು. ಮನೆಯವರ ಆತಂಕ ನಾಯಿಗೆ ದಾಟುತ್ತದೆ ಎಂಬುದನ್ನು ಈ ಅಧ್ಯಯನ ಬಲವಾಗಿ ಸೂಚಿಸುತ್ತದೆ. ಈಗ ಯೋಚಿಸಿ: ಪಟಾಕಿಯ ಸಂಜೆ ‘ಅಯ್ಯೋ, ಇನ್ನೇನು ಶುರುವಾಗುತ್ತೆ’ ಎಂದು ಚಡಪಡಿಸುತ್ತಿದ್ದ ಯಜಮಾನತಿ ಈ ವರ್ಷ ಗುಳಿಗೆ ಹಾಕಿದ ಧೈರ್ಯದಲ್ಲಿ ಸೋಫಾದ ಮೇಲೆ ಆರಾಮಾಗಿ ಕುಳಿತಿದ್ದಾಳೆ. ನಾಯಿಗೆ ಬೈಯುವುದನ್ನು ಬಿಟ್ಟಿದ್ದಾಳೆ. ವಾರವಾರ ದಿನಚರಿ ಬರೆಯಬೇಕಾದ್ದರಿಂದ ಅದರ ಕಡೆ ಹೆಚ್ಚು ಗಮನ ಕೊಡುತ್ತಿದ್ದಾಳೆ. ನಂಬಿಕೆ ಇರುವುದು ಆಕೆಗೆ, ಅದರ ಫಲ ಸಿಕ್ಕಿದ್ದು ನಾಯಿಗೆ. ಇದು ಹೋಮಿಯೋಪತಿ ವೈದ್ಯರ ಬಳಿ ಇನ್ನೂ ಹೆಚ್ಚು ನಡೆಯುತ್ತದೆ. ಅವರು ಕೂರಿಸಿಕೊಂಡು ಕೇಳುತ್ತಾರೆ: ನಾಯಿ ಎಲ್ಲಿ ಮಲಗುತ್ತದೆ, ಯಾರನ್ನು ಕಂಡರೆ ಆಗುವುದಿಲ್ಲ, ಎಷ್ಟು ಹೊತ್ತು ಒಂಟಿ ಇರುತ್ತದೆ. ತುಂಬಿ ತುಳುಕುವ ಪಶು ಆಸ್ಪತ್ರೆಯಲ್ಲಿ ಈ ಪ್ರಶ್ನೆಗಳಿಗೆ ಪುರುಸೊತ್ತಿಲ್ಲ. ಉತ್ತರ ಹೇಳುತ್ತಾ ಹೇಳುತ್ತಾ ‘ದಿನಕ್ಕೆ ಹತ್ತು ತಾಸು ಕಟ್ಟಿಹಾಕಿರ್ತೀವಿ’ ಎಂಬುದು ಮನೆಯವರ ಕಿವಿಗೇ ಬಿದ್ದರೆ, ಅದರ ನಂತರ ಬರುವ ಸುಧಾರಣೆಯಲ್ಲಿ ಗುಳಿಗೆಯ ಪಾತ್ರ ಎಷ್ಟು?

ಲಿಂಕನ್ ಪರೀಕ್ಷೆಯ ಒಂದು ಕೊರತೆಯನ್ನೂ ಇಲ್ಲೇ ಹೇಳಬೇಕು. ಅಲ್ಲಿ ಏನನ್ನೂ ಕೊಡದೆ ಬಿಟ್ಟ ಮೂರನೆಯ ಪಾಲು ಇರಲಿಲ್ಲ. ಹಾಗಾಗಿ ಸುಧಾರಣೆಯಲ್ಲಿ ಕಣ್ಣಿನ ಪಾಲೆಷ್ಟು, ಕಾಲದ್ದೆಷ್ಟು, ಮನೆಯವರ ನಡವಳಿಕೆಯದೆಷ್ಟು ಎಂದು ಬಿಡಿಸಿ ಹೇಳಲು ಅದರಿಂದ ಸಾಧ್ಯವಿಲ್ಲ. ಸೀಸೆಯೊಳಗಿನ ಹೋಮಿಯೋಪತಿಯ ಪಾಲನ್ನು ಮಾತ್ರ ಅದು ಬಿಡಿಸಿ ತೋರಿಸಿತು.

ಹಾಗಾದರೆ ನಾಯಿಗೆ ಸ್ವತಃ ಹುಸಿಮದ್ದಿನ ಪರಿಣಾಮ ಆಗುವುದೇ ಇಲ್ಲವೇ? ಆಗುತ್ತದೆ, ಆದರೆ ಅದರ ದಾರಿ ಬೇರೆ. ಇವಾನ್ ಪಾವ್ಲೋವ್‌ನ ಗಂಟೆ ಮತ್ತು ಜೊಲ್ಲಿನ ಕಥೆ ಎಲ್ಲರಿಗೂ ಗೊತ್ತು. ಅವನೇ 1927ರಲ್ಲಿ ಇಂಗ್ಲಿಷಿಗೆ ಬಂದ ತನ್ನ ಉಪನ್ಯಾಸಗಳಲ್ಲಿ ಇನ್ನೊಂದು ಪ್ರಯೋಗ ಹೇಳುತ್ತಾನೆ. ನಾಯಿಗೆ ದಿನವೂ ಮಾರ್ಫಿನ್ ಚುಚ್ಚಿದರೆ ಜೊಲ್ಲು, ವಾಂತಿ, ಆಮೇಲೆ ನಿದ್ದೆ. ಕೆಲವು ದಿನ ಹೀಗಾದ ಮೇಲೆ ಸೂಜಿ ಚುಚ್ಚುವುದೇ ಬೇಡ. ಚುಚ್ಚುವ ತಯಾರಿ ಕಂಡರೆ ಸಾಕು, ಜೊಲ್ಲು, ವಾಂತಿ, ನಿದ್ದೆ ಎಲ್ಲ ಬರುತ್ತವೆ. 2014ರಲ್ಲಿ ಹಂಗೇರಿಯ ಸಂಶೋಧಕರು ಇದನ್ನು ವರ್ತನೆಯ ಸಮಸ್ಯೆಗೇ ಹಚ್ಚಿ ನೋಡಿದರು. ಒಂಟಿ ಬಿಟ್ಟರೆ ಒದ್ದಾಡುವ ನಾಯಿಗಳಲ್ಲಿ ಕೆಲವಕ್ಕೆ ಒಂಟಿ ಬಿಡುವ ಮುಂಚೆ ನಿಜವಾದ ಶಾಮಕ ಔಷಧ ಕೊಟ್ಟರು, ಉಳಿದವಕ್ಕೆ ಹಾಗೆಯೇ ಕಾಣುವ, ಶಾಮಕವಿಲ್ಲದ ತುತ್ತು. ಹೀಗೆ ಕೆಲವು ಸಲ ಮಾಡಿ ಕೊನೆಗೆ ಎಲ್ಲಕ್ಕೂ ಖಾಲಿ ತುತ್ತು ಕೊಟ್ಟಾಗ, ಮೊದಲು ನಿಜವಾದ ಔಷಧ ತಿಂದಿದ್ದ ನಾಯಿಗಳು ಹೆಚ್ಚು ಶಾಂತವಾಗಿದ್ದವು. ತುತ್ತಿನ ಜೊತೆ ಬರುವ ನೆಮ್ಮದಿಯನ್ನು ದೇಹ ಕಲಿತಿತ್ತು. ಇಲ್ಲಿ ಗಮನಿಸಬೇಕಾದ್ದು ಒಂದೇ: ಕಲಿಯಲು ಮೊದಲು ನಿಜವಾದ ಪರಿಣಾಮ ಆಗಿರಬೇಕು. ಶುರುವಿನಿಂದಲೂ ಬರೀ ಸಕ್ಕರೆಯೇ ಆದರೆ ನಾಯಿಯ ದೇಹ ಕಲಿಯುವುದಾದರೂ ಏನನ್ನು? ಸಕ್ಕರೆ ಸಿಹಿ ಎಂಬುದನ್ನು.

ಒಂದು ಪರೀಕ್ಷೆ ಹಿಡಿದುಕೊಂಡು ತೀರ್ಪು ಕೊಡುತ್ತೀರಿ ಎಂದು ಯಾರಾದರೂ ಆಕ್ಷೇಪಿಸಬಹುದು. ಪ್ರಾಣಿಗಳ ಹೋಮಿಯೋಪತಿಯ ಬಗ್ಗೆ ಹುಸಿಮದ್ದಿನ ಹೋಲಿಕೆಯೊಂದಿಗೆ ನಡೆದ ಪರೀಕ್ಷೆಗಳನ್ನೆಲ್ಲ ರಾಬರ್ಟ್ ಮ್ಯಾಥಿ ಮತ್ತು ಯುರ್ಗನ್ ಕ್ಲೌಸೆನ್ 2014ರಲ್ಲಿ ಜಾಲಾಡಿದರು. ಸಿಕ್ಕಿದ್ದು 18. ನಂಬಬಹುದಾದ ಗುಣಮಟ್ಟದವು ಎರಡೇ ಎರಡು, ಅವೆರಡೂ ಒಂದೊಂದು ದಿಕ್ಕಿಗೆ. ಮ್ಯಾಥಿ ಕೆಲಸ ಮಾಡುತ್ತಿದ್ದದ್ದು ಬ್ರಿಟಿಷ್ ಹೋಮಿಯೋಪತಿ ಸಂಘದಲ್ಲಿ. ಅಂದಮೇಲೆ ದ್ವೇಷದಿಂದ ಹುಡುಕಿದ್ದು ಎನ್ನಲಾಗದು. 2017ರಲ್ಲಿ ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು ಇಂಥ ಚಿಕಿತ್ಸೆಗಳು ಸಾಬೀತಾದ ಚಿಕಿತ್ಸೆಯ ಜೊತೆಗಿರಬಹುದೇ ಹೊರತು ಅದರ ಜಾಗದಲ್ಲಿ ಕೂರಕೂಡದು ಎಂದು ತನ್ನ ಸದಸ್ಯರಿಗೆ ಹೇಳಿತು.

‘ಕೆಡುಕಂತೂ ಇಲ್ಲವಲ್ಲ’ ಎಂಬುದು ಉಳಿದಿರುವ ಕೊನೆಯ ವಾದ. ಗುಳಿಗೆಯಿಂದ ಇಲ್ಲ, ನಿಜ. ಕಳೆದುಹೋಗುವ ದಿನಗಳಿಂದ ಇದೆ. ಅದೇ ಲಿಂಕನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಸದ್ದಿಗೆ ಹೆದರುವ 20 ನಾಯಿಗಳ ಪ್ರಕರಣಗಳನ್ನು ಹೋಲಿಸಿ ನೋಡಿತು. ಹತ್ತಕ್ಕೆ ಮೂಳೆ, ಕೀಲು, ಸ್ನಾಯುಗಳ ನೋವಿತ್ತು, ಹತ್ತಕ್ಕೆ ಇರಲಿಲ್ಲ. ನೋವಿದ್ದ ನಾಯಿಗಳಲ್ಲಿ ಸದ್ದಿನ ಭಯ ಸರಾಸರಿ ನಾಲ್ಕು ವರ್ಷ ತಡವಾಗಿ ಶುರುವಾಗಿತ್ತು. ಸದ್ದಿಗೆ ಬೆಚ್ಚಿದಾಗ ಮೈ ಬಿಗಿಯುತ್ತದೆ, ಬಿಗಿದಾಗ ನೋಯುವ ಜಾಗ ಚುರುಕ್ ಎನ್ನುತ್ತದೆ, ಸದ್ದು ಎಂದರೆ ನೋವು ಎಂದು ನಾಯಿ ಕಲಿಯುತ್ತದೆ ಎಂಬುದು ಅವರ ಊಹೆ. ನೋವಿಗೆ ಔಷಧ ಕೊಟ್ಟಾಗ ಅವುಗಳ ಭಯವೂ ಇಳಿಯಿತು. ಐದಾರು ವರ್ಷ ಪಟಾಕಿಗೆ ಕ್ಯಾರೇ ಅನ್ನದಿದ್ದ ನಾಯಿ ಈ ವರ್ಷ ಇದ್ದಕ್ಕಿದ್ದಂತೆ ಹೆದರಲು ಶುರುಮಾಡಿದರೆ ಮೊದಲು ನೋಡಬೇಕಾದ್ದು ಅದರ ಸೊಂಟ ಮತ್ತು ಮಂಡಿಯನ್ನು.

ಸಿಟ್ಟಿನ ವಿಷಯದಲ್ಲಿ ತಡಮಾಡುವುದು ಇನ್ನೂ ಅಪಾಯ. ಹೋಮಿಯೋಪತಿಯಲ್ಲಿ ಲಿಸಿನ್ ಎಂಬ ಔಷಧವಿದೆ. 1833ರಲ್ಲಿ ಕಾನ್ಸ್ಟಂಟೈನ್ ಹೆರಿಂಗ್ ಹುಚ್ಚುನಾಯಿಯ ಜೊಲ್ಲಿನಿಂದಲೇ ಅದನ್ನು ಮಾಡಿದ. ಕಚ್ಚುವ ಚಪಲ, ನೀರು ಕಂಡರೆ ಕಳವಳ ಅದರ ಲಕ್ಷಣಗಳೆಂದು ಪುಸ್ತಕಗಳಲ್ಲಿದೆ. ಅತಿ ತೆಳು ದ್ರಾವಣದಲ್ಲಿ ಜೊಲ್ಲಿನ ಕುರುಹೂ ಉಳಿಯದ ಕಾರಣ ಔಷಧಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ನಾಯಿಗೆ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಭಾರತದಲ್ಲೇ ಆಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಸಿಕೆ ಹಾಕಿಸದ, ಬೀದಿಯಲ್ಲಿ ಓಡಾಡುವ ನಾಯಿ ಏಕಾಏಕಿ ಸ್ವಭಾವ ಬದಲಿಸಿದರೆ, ಗೊತ್ತಿದ್ದವರ ಮೇಲೆ ಎರಗಿದರೆ ಅಥವಾ ಮೂಲೆ ಹಿಡಿದು ಮಂಕಾದರೆ, ಅದು ‘ವರ್ತನೆಯ ಸಮಸ್ಯೆ’ ಎಂದುಕೊಂಡು ಗುಳಿಗೆ ಹಾಕಲು ಬಾಯಿಯ ಹತ್ತಿರ ಕೈ ಒಯ್ಯುವುದೇ ತಪ್ಪು. ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು. ರೋಗಲಕ್ಷಣ ಶುರುವಾದ ಮೇಲೆ ಯಾವ ಪದ್ಧತಿಯಲ್ಲೂ ಮದ್ದಿಲ್ಲ ಎಂದೇ ಹೇಳಬೇಕು.

ಹಾಗಾದರೆ ಪಟಾಕಿಗೆ ಹೆದರುವ ನಾಯಿಗೆ ಮಾಡುವುದೇನು? ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೆಫನಿ ರೀಮರ್ 1,225 ನಾಯಿ ಸಾಕಿದವರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಉತ್ತರ ನಮ್ಮ ಮುಂದಿದೆ. ಹೋಮಿಯೋಪತಿ, ಹೂವಿನ ಸಾರ, ಗಿಡಮೂಲಿಕೆ, ಸುಗಂಧ ತೈಲ, ಫೆರೊಮೋನ್ ಇವೆಲ್ಲ ಬಳಸಿದವರಲ್ಲಿ ಉಪಯೋಗವಾಯಿತು ಎಂದವರು ಶೇಕಡ 27ರಿಂದ 35. ಹುಸಿಮದ್ದಿನಿಂದ ಆಗಬಹುದಾದಷ್ಟೇ ಎಂದು ಆಕೆಯ ತೀರ್ಮಾನ. ಪಶುವೈದ್ಯರು ಬರೆದುಕೊಟ್ಟ ಆತಂಕದ ಔಷಧಗಳಿಗೆ ಶೇಕಡ 69, ಮೈ ಸಡಿಲಿಸುವ ತರಬೇತಿಗೂ ಅಷ್ಟೇ. ಎಲ್ಲಕ್ಕಿಂತ ಮೇಲೆ, ಶೇಕಡ 70 ದಾಟಿದ್ದು ಬಹಳ ಸರಳವಾದ ಒಂದು ಉಪಾಯ: ಸದ್ದು ‘ಢಂ’ ಎಂದ ಕೂಡಲೇ ನಾಯಿಗೆ ಅದು ಜೀವಕ್ಕಿಂತ ಹೆಚ್ಚಾಗಿ ಇಷ್ಟಪಡುವ ತಿನಿಸು ಹಾಕುವುದು, ಇಲ್ಲವೇ ಆಟಕ್ಕೆಳೆಯುವುದು. ಇದೂ ಸಾಕಿದವರ ಬಾಯಿಮಾತಿನ ಲೆಕ್ಕವೇ, ಅವರ ಕಣ್ಣಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಇಲ್ಲಿಗೂ ಅನ್ವಯ. ಆದರೆ ಅದೇ ಕಣ್ಣು ಒಂದಕ್ಕೆ ಮೂವತ್ತು, ಇನ್ನೊಂದಕ್ಕೆ ಎಪ್ಪತ್ತು ಕೊಟ್ಟಾಗ ನಡುವಿನ ನಲವತ್ತು ಸುಮ್ಮನೆ ಬಂದದ್ದಲ್ಲ. ಹೆದರಿದ ನಾಯಿಗೆ ತಿನಿಸು ಕೊಟ್ಟರೆ, ತಬ್ಬಿಕೊಂಡರೆ ಹೆದರಿಕೆಗೇ ಬಹುಮಾನ ಕೊಟ್ಟಂತೆ ಎಂದು ಹಳೆಯ ತರಬೇತುದಾರರು ಗದರಿಸುತ್ತಿದ್ದರು. ಭಯ ಎಂಬುದು ಬೇಕೆಂದು ಮಾಡುವ ಕೆಲಸವಲ್ಲ, ತಿನಿಸು ಕೊಟ್ಟರೆ ಅದು ಹೆಚ್ಚುವುದಿಲ್ಲ.

ಭಯ ತೀವ್ರವಾಗಿದ್ದರೆ ಔಷಧ ಬೇಕು, ಮುಜುಗರ ಬೇಡ. ಒಸಡು ಮತ್ತು ಕೆನ್ನೆಯ ನಡುವೆ ಹಚ್ಚುವ ಡೆಕ್ಸ್‌ಮೆಡಿಟೊಮಿಡಿನ್ ಜೆಲ್‌ಗೆ 2015ರಲ್ಲಿ ಯುರೋಪಿನಲ್ಲೂ ಬಳಿಕ ಅಮೆರಿಕದಲ್ಲೂ ಸದ್ದಿನ ಭಯಕ್ಕೆಂದೇ ಒಪ್ಪಿಗೆ ಸಿಕ್ಕಿತು. ಒಂಟಿ ಬಿಟ್ಟರೆ ಮನೆ ಹಾಳುಮಾಡುವ ನಾಯಿಗಳಿಗೆ ಕ್ಲೋಮಿಪ್ರಮಿನ್, ಫ್ಲುಆಕ್ಸಿಟಿನ್ ತರಬೇತಿಯ ಜೊತೆಗೆ ಬಳಕೆಯಲ್ಲಿವೆ. ಇವು ಪಶುವೈದ್ಯರು ತೂಕ ನೋಡಿ ಬರೆದುಕೊಡಬೇಕಾದವು. ಮನೆಯವರ ಮಾತ್ರೆ ಡಬ್ಬಿಯಿಂದ ಅರ್ಧ ಮುರಿದು ಹಾಕುವಂಥವಲ್ಲ.

ಸದ್ದಿಗೆ ಒಗ್ಗಿಸುವ ತರಬೇತಿ ಇವೆಲ್ಲಕ್ಕಿಂತ ನಿಧಾನ. ಪಟಾಕಿಯ ಧ್ವನಿಮುದ್ರಿಕೆಯನ್ನು ನಾಯಿಯ ಕಿವಿ ನಿಮಿರಿದರೂ ಬಾಲ ಮುದುಡದಷ್ಟು ಮೆಲ್ಲಗೆ ಹಾಕಿ, ಕೇಳಿಸಿದಾಗಲೆಲ್ಲ ತಿನಿಸು ಕೊಟ್ಟು, ದಿನಕ್ಕೆ ಕೆಲವು ನಿಮಿಷದಂತೆ ವಾರಗಟ್ಟಲೆ ಮಟ್ಟ ಏರಿಸುತ್ತ ಹೋಗಬೇಕು. ಹಬ್ಬದ ವಾರದಲ್ಲಿ ಶುರುಮಾಡಿದರೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ದೀಪಾವಳಿಗೆ ತಯಾರಾಗಬೇಕಾದರೆ ಆಷಾಢ ಒಳ್ಳೆಯ ಕಾಲ. ನಡುವೆ ಗಣೇಶನ ಮೆರವಣಿಗೆ ಬಂದು ನಾಯಿ ಮತ್ತೆ ಬೆದರಿದರೆ ಸದ್ದನ್ನು ಮೊದಲಿನ ಮಟ್ಟಕ್ಕೆ ಇಳಿಸಿ, ಅಲ್ಲಿಂದ ಪುನಃ ಹತ್ತಿಸಬೇಕು.